ದುಡ್ಡಿನ ಮಾತು 9: ನಾಮಿನಿ ಮಾಡಿದ್ರೆ ಸಾಕಾ?

ಮದುವೆಯಾಗದೆ ಜೊತೆಗಿದ್ದೀರಾ? ಸರಿನಾ ತಪ್ಪಾ ಅಂತ ಹೇಳೋಕೆ ನಾನು ಬಂದಿಲ್ಲ. ಆ ಕೆಲಸಕ್ಕೆ ಓನರ್ ಆಂಟಿ ಇದ್ದಾರೆ. ನನ್ನದು ಬರೀ ಲೆಕ್ಕದ ಮಾತು.

ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ಯಾರಿಗೆ? ಹಿಂದೂಗಳಿಗಾದರೆ 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಪಟ್ಟಿ ಇದೆ: ಗಂಡ ಅಥವಾ ಹೆಂಡತಿ, ಮಕ್ಕಳು, ಹೆತ್ತವರು, ಒಡಹುಟ್ಟಿದವರು, ಹೀಗೆ. ಹತ್ತು ವರ್ಷ ಅರ್ಧ ಇಎಂಐ ಕಟ್ಟಿದ ಸಂಗಾತಿ ಆ ಪಟ್ಟಿಯಲ್ಲೇ ಇಲ್ಲ.

"ನಾಮಿನಿ ಮಾಡಿದ್ದೀನಲ್ಲ" ಅಂತೀರಾ? ನಾಮಿನಿ ಅಂದ್ರೆ ದುಡ್ಡು ಕೈಗೆ ತಗೊಳ್ಳೋರು, ಒಡೆಯರಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ವಾರಸುದಾರರು ಕೇಳಿದರೆ ಕೊಡಲೇಬೇಕು.

ಅದಕ್ಕೇ ವಿಲ್ ಬರೀರಿ. ಛಾಪಾ ಕಾಗದ ಬೇಡ, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೇದು. ನಿಮ್ಮ ಸಹಿ, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ, ಅಷ್ಟೇ. ಸಂಗಾತಿಯನ್ನೇ ಸಾಕ್ಷಿ ಮಾಡಬೇಡಿ.

ಮನೆಯಲ್ಲಿ ಗೊತ್ತಾದ್ರೆ ಗಲಾಟೆ ಅಂತ ಮುಂದಕ್ಕೆ ಹಾಕ್ತಿದ್ದೀರಾ? ಇವತ್ತು ನೀವು ಬರೆಯದ ನಾಲ್ಕು ಸಾಲನ್ನು ನಾಳೆ ಸಾವಿನ ಮನೆಯಲ್ಲಿ ಅವರೊಬ್ಬರೇ ನಿಂತು, ನಿಮ್ಮ ಅಣ್ಣ ತಮ್ಮಂದಿರ ಎದುರು ಬಾಯಲ್ಲಿ ಹೇಳಬೇಕಾಗುತ್ತೆ. ಯಾರೂ ನಂಬಲ್ಲ. ಆ ಗಲಾಟೆ ನಿಮ್ಮದು, ಅವರ ತಲೆಗೆ ಕಟ್ಟಬೇಡಿ.

ಸೇವ್ ಮಾಡ್ಕೊಳ್ಳಿ. ಮುಂದಿನ ಕಂತು: ಜಂಟಿ ಖಾತೆ.

#ದುಡ್ಡಿನಮಾತು