ಮಗನಿಲ್ಲದ ಶಿಲ್ಪ

ವಾಲ್ಮೀಕಿಯ ಶೋಕವು ಒಡನೆಯೇ ಶ್ಲೋಕವಾಯಿತೆಂದು ಹೇಳುವುದುಂಟು. ಆದರೆ ಅಲ್ಲಿ ಸತ್ತದ್ದು ಕ್ರೌಂಚ, ಹೆತ್ತ ಮಗನಲ್ಲ. ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಜ್‌ಗೆ ತನ್ನ ಶೋಕಕ್ಕೆ ರೂಪು ಕೊಡಲು 18 ವರ್ಷ ಹಿಡಿಯಿತು. ಆಕೆಯ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಮಡಿದಾಗ ಅವನ ವಯಸ್ಸೂ ಅಷ್ಟೇ. ಅವನು ಸೈನ್ಯ ಸೇರಲು ತಂದೆ ಒಪ್ಪಿರಲಿಲ್ಲ, ಒಪ್ಪಿಸಿದವಳು ತಾಯಿ. ಈ ಭಾರವನ್ನು ಹೊತ್ತ ಕೈಗೆ ಶಿಲ್ಪ ಬೇಗ ಒಲಿಯುವುದೆಂತು?

ಸಮಾಧಿಭೂಮಿಯಲ್ಲಿ ಸ್ಮಾರಕ ನಿಂತದ್ದು 1932ರಲ್ಲಿ. ಮೊದಲ ಯೋಜನೆಯಲ್ಲಿದ್ದ ಮಗನ ಆಕೃತಿಯನ್ನು ಆಕೆ ಕೈಬಿಟ್ಟಿದ್ದಳು. ಉಳಿದವರು ಮಂಡಿಯೂರಿದ ತಾಯಿತಂದೆಗಳು, ಬೇರೆಬೇರೆ ಪೀಠಗಳ ಮೇಲೆ. ತಾಯಿ ತಲೆಬಾಗಿದ್ದಾಳೆ, ತಂದೆ ತನ್ನೆರಡು ತೋಳುಗಳಿಂದ ತನ್ನನ್ನೇ ಬಿಗಿದುಕೊಂಡಿದ್ದಾನೆ. ದುಃಖವನ್ನು ಕಲೆ ಶಮನಗೊಳಿಸುವುದೆಂದು ನಾವು ಸಲೀಸಾಗಿ ನುಡಿಯುತ್ತೇವೆ. ಈ ಮುಖಗಳಲ್ಲಿ ಶಮನದ ಗುರುತು ನಮಗಂತೂ ಕಾಣದು. ಅವು ಕೇಥೆಯವೂ ಆಕೆಯ ಪತಿಯವೂ ಆದ ಮುಖಗಳು.