ಜೇನಿಗೆ ಹೆಪ್ಪು

ಚಳಿಗಾಲದಲ್ಲಿ ಸೀಸೆಯ ಜೇನು ಹರಳುಗಟ್ಟಿತೆಂದರೆ, ಸಕ್ಕರೆ ಬೆರೆಸಿದ್ದಾರೆಂದು ಬಗೆದು ಚೆಲ್ಲುವವರು ನಮ್ಮ ಹೆಗ್ಗನಹಳ್ಳಿಯಲ್ಲಿ ಉಂಟು. ಇದು ಅನ್ಯಾಯ. ಜೇನಿನಲ್ಲಿ ಸಹಜವಾಗಿರುವ ಗ್ಲೂಕೋಸೇ ಹಾಗೆ ಹರಳಾಗುವುದು. ರಬ್ಬರು ತೋಟಗಳ ಜೇನಂತೂ ಬಹುಬೇಗ ಗಟ್ಟಿಯಾಗುತ್ತದೆ. (ಹರಳುಗಟ್ಟಿದ ಮಾತ್ರಕ್ಕೆ ಶುದ್ಧವೆಂದೂ ಹೇಳಲಾಗದು.)

ನಾಲಗೆಗೆ ಒರಟಾಗುವುದು ಹರಳು ದಪ್ಪವಾಗಿರುವುದರಿಂದ. ಜೇನನ್ನು ಬೆಣ್ಣೆಯಂತೆ ನುಣುಪಾಗಿಸುವ ಕ್ರಮಕ್ಕೆ ಎಲ್ಟನ್ ಡೈಸ್ ಎಂಬ ವಿಜ್ಞಾನಿಗಳು 1935ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರವನ್ನು ಪಡೆದರು. ನಮ್ಮ ಸೋದರಿಯರಿಗೆ ಇದು ಹಾಲಿಗೆ ಹೆಪ್ಪು ಹಾಕುವಂತಹ ಕೆಲಸವೇ. ಹರಳುಗಟ್ಟಿದ ಜೇನಿನಲ್ಲಿ ಹತ್ತರಲ್ಲೊಂದು ಭಾಗವನ್ನು ತೆಗೆದಿರಿಸಿ, ಒಣಗಿದ ಒರಳಿನಲ್ಲಿ ನುಣ್ಣಗೆ ಅರೆಯಿರಿ. ಉಳಿದುದನ್ನು ಸೀಸೆಯೊಡನೆ ಬಿಸಿನೀರಿನಲ್ಲಿಟ್ಟು, ಕುದಿಸದೆ, ಹರಳೊಂದೂ ಉಳಿಯದಂತೆ ಕರಗಿಸಿ. ಪೂರ್ತಿ ಆರಿದ ಬಳಿಕವೇ ಹೆಪ್ಪನ್ನು ಸೇರಿಸಬೇಕು. ಬಿಸಿಯಿದ್ದರೆ ಅದೂ ಕರಗಿಹೋಗುವುದು. ನೊರೆಯೇಳದಂತೆ ಮೆಲ್ಲನೆ ಕಲಸಿರಿ. ನೀರಿನ ಪಸೆ ತಗುಲಿದರೆ ಹುಳಿಯುತ್ತದೆ.

ಬೇಕಾದ ತಂಪು ಸುಮಾರು 14 ಡಿಗ್ರಿ ಸೆಂಟಿಗ್ರೇಡು. ಬೆಂಗಳೂರಿನ ಪುಷ್ಯಮಾಸದ ರಾತ್ರಿಗಳು ಇದಕ್ಕೆ ಸಮೀಪ. ಹಗಲಿನಲ್ಲಿ ಬಿಗಿಯಾಗಿ ಮುಚ್ಚಿದ ಸೀಸೆಯನ್ನು ತಣ್ಣೀರಿನ ಮಡಕೆಯಲ್ಲಿಡಬಹುದು. ಒಂದೆರಡು ವಾರ ತಾಳ್ಮೆ ಬೇಕು. ಆಮೇಲೆ ರೊಟ್ಟಿಗೆ ಸವರಿ ನೋಡಿರಿ.

ಆದರೆ ವರ್ಷ ತುಂಬದ ಕೂಸಿಗೆ ಯಾವ ಜೇನನ್ನೂ ನೆಕ್ಕಿಸಕೂಡದು, ಹಿರಿಯರು ಪದ್ಧತಿಯೆಂದರೂ ಸರಿಯೆ. ಅದರಲ್ಲಿರಬಹುದಾದ ಸೂಕ್ಷ್ಮಾಣುಬೀಜಗಳು ಎಳೆಗರುಳಿನಲ್ಲಿ ಮೊಳೆತು ವಿಷವನ್ನು ಹುಟ್ಟಿಸಬಲ್ಲವು. ಮನೆಯ ಬಿಸಿನೀರಿಗೆ ಅವು ಸಾಯವು.