ನಿಂಬೆಹಣ್ಣಿನ ಲೆಕ್ಕವಿದೆ, ಹುಡುಗರ ಲೆಕ್ಕವೆಲ್ಲಿ?



ಹೋಟೆಲ್ ಮ್ಯಾನೇಜರುಗಳಿಗೆ 'ಆರ್ಥಿಕ ನಾಯಕತ್ವ' ಕಲಿಸುವ ತರಬೇತಿಗಳು ದೊಡ್ಡ ಶಹರಗಳಿಂದ ಹೊರಟು ನಮ್ಮ ಗಡಿಭಾಗದವರೆಗೂ ಬಂದು ಮುಟ್ಟಿವೆ. ಪುಣೆ, ಹೈದರಾಬಾದುಗಳ ಮಾತು ಬಿಡಿ. ಉಮರ್ಗಾದ ಹೆದ್ದಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂಡುವ ಮ್ಯಾನೇಜರ ಮೊಬೈಲಿಗೂ ಈಗ ಈ ಪಾಠಗಳು ಬರುತ್ತಿವೆ. ಬರಲಿ, ನಮಗೆ ಸಂತೋಷವೇ. ಲೆಕ್ಕ ಬಾರದ ಮ್ಯಾನೇಜರಿಗಿಂತ ಲೆಕ್ಕ ಬಲ್ಲ ಮ್ಯಾನೇಜರು ದುಡಿಯುವವರಿಗೂ ಒಳ್ಳೆಯವರು. ನಮ್ಮ ತಕರಾರು ಕಲಿಸುವುದರ ಮೇಲೆ ಅಲ್ಲ, ಏನನ್ನು ಕಲಿಸುತ್ತಾರೆ ಎಂಬುದರ ಮೇಲೆ.

ಪಾಠದ ಸಾರ ಇಷ್ಟು. ವ್ಯಾಪಾರದಿಂದ ಬಂದ ಹಣವನ್ನು ಮೇಲೆ ಬರೆಯಿರಿ. ಅದರ ಕೆಳಗೆ ಕಿರಾಣಿ, ತರಕಾರಿ, ಗ್ಯಾಸು, ಕರೆಂಟು, ಪಗಾರ ಎಂದು ಒಂದೊಂದೇ ಸಾಲು ಬರೆದು ಕಳೆಯುತ್ತ ಬನ್ನಿ. ಕೊನೆಗೆ ಉಳಿದದ್ದು ಲಾಭ. ಹೋಟೆಲುಗಳಿಗೆಂದೇ ಹೀಗೆ ಸಾಲು ಸಾಲಾಗಿ ಲೆಕ್ಕ ಬರೆಯುವ ಒಂದು ಸಮಾನ ಪದ್ಧತಿಯನ್ನು ನ್ಯೂಯಾರ್ಕಿನ ಹೋಟೆಲ್ ಮಾಲಕರ ಸಂಘ 1926ರಲ್ಲಿ ಅಚ್ಚು ಹಾಕಿಸಿತು. ಇಂದು ಜಗತ್ತಿನ ದೊಡ್ಡ ಹೋಟೆಲುಗಳೆಲ್ಲ ಅದರ ಹೊಸ ಆವೃತ್ತಿಗಳನ್ನೇ ಹಿಡಿದು ನಡೆಯುತ್ತವೆ. ಲೆಕ್ಕದ ಪದ್ಧತಿಯಾಗಿ ಅದರಲ್ಲಿ ದೋಷವಿಲ್ಲ. ಆದರೆ ಕೊನೆಯ ಸಾಲಿಗೆ ಮ್ಯಾನೇಜರ ಇನಾಮನ್ನು ಗಂಟು ಹಾಕಿ, 'ಈ ಸಾಲು ಬೆಳೆಸು, ನೀನೇ ನಾಯಕ' ಎಂದು ಬೆನ್ನು ತಟ್ಟಿದಾಗ ಆತನು ಏನು ಮಾಡಬೇಕು? ಮೇಲಿನ ಸಾಲುಗಳಲ್ಲಿ ಯಾವುದನ್ನು ಕೊಯ್ಯಬಹುದು ಎಂದು ನೋಡುತ್ತಾನೆ. ಉದಗೀರದ ದಾಲ್ ಮಿಲ್ಲಿನವರು ತೊಗರಿ ಬೇಳೆಯ ದರ ಇಳಿಸುವುದಿಲ್ಲ. ಗ್ಯಾಸ್ ಕಂಪನಿ ಇಳಿಸುವುದಿಲ್ಲ. ಜಿ.ಎಸ್.ಟಿ.ಯವರಂತೂ ಮಾತೇ ಕೇಳುವುದಿಲ್ಲ. 2017ರ ನವೆಂಬರ್ 15ರಿಂದ ಸಾಧಾರಣ ಊಟದ ಹೋಟೆಲಿಗೆ ಶೇಕಡಾ 5 ತೆರಿಗೆ, ಆದರೆ ತಾನು ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸು ಜಮಾ ಆಗುವುದಿಲ್ಲ, ಅದು ಖರ್ಚಿಗೇ ಸೇರುತ್ತದೆ. ಇಷ್ಟೆಲ್ಲ ಸಾಲುಗಳಲ್ಲಿ ತಿರುಗಿ ಮಾತಾಡದ ಸಾಲು ಒಂದೇ, ಭಾಂಡೆ ತಿಕ್ಕುವ ಹುಡುಗನ ಪಗಾರದ ಸಾಲು. ಕತ್ತರಿ ಅಲ್ಲಿಗೇ ಬೀಳುತ್ತದೆ. ಇದಕ್ಕೆ ನಾಯಕತ್ವವೆಂಬ ಹೆಸರೇ?

ನಮ್ಮ ಊರನ್ನೇ ನೋಡೋಣ. ಪುಣೆಯಿಂದ ಸೋಲಾಪುರ ಹಾಯ್ದು ಹೈದರಾಬಾದಿಗೆ ಹೋಗುವ ಹೆದ್ದಾರಿ, ಮೊದಲಿನ 9, ಈಗಿನ 65, ಉಮರ್ಗಾದ ಮೇಲೆ ಹೋಗುತ್ತದೆ. ತಲಮೋಡ ದಾಟಿದರೆ ಕರ್ನಾಟಕ, ಮುಂದೆ ಹುಮನಾಬಾದ. ಲಾರಿ, ಬಸ್ಸು ಹಗಲಿರುಳೂ ನಿಲ್ಲುತ್ತವೆ. ಹೋಟೆಲಿನ ಒಲೆಯೂ ಆರುವುದಿಲ್ಲ. ಒಲೆಯ ಮುಂದೆ ನಿಂತವರು ನಿಲಂಗಾ, ಆಳಂದ, ಬಸವಕಲ್ಯಾಣದ ಕಡೆಯ ಹಳ್ಳಿಗಳವರು. ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುವ ನಮ್ಮವರೇ. ಇವರ ಪೈಕಿ ಬಹಳ ಮಂದಿ 'ಉಚಲ್' ಎಂಬ ಮುಂಗಡ ಹಿಡಿದು ಬಂದವರು. ಮುಂಗಡ ತೀರುವವರೆಗೆ ಊರಿಗೆ ಹೋಗುವಂತಿಲ್ಲ. ಹೋಗಲು ಬಿಡದಂತೆ ಸಾಲದಲ್ಲಿ ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ಅಪರಾಧವೆಂದು ಕರೆದಿದೆ. ಈ ಮಾತನ್ನು ಯಾವ ತರಬೇತಿಯವರೂ ಹೇಳುವುದಿಲ್ಲ.

ಸಂಘದ ಕೆಲಸಕ್ಕೆಂದು ತಿರುಗುವಾಗ ನಾವು ಒಂದು ಹೋಟೆಲಿನ ಪುಸ್ತಕಗಳನ್ನು ನೋಡಿದೆವು. ಹೆಸರು ಬೇಡ. ನಿಂಬೆಹಣ್ಣು ಎಷ್ಟು ಬಂತು, ಎಷ್ಟು ಹೋಯಿತು ಎಂಬುದಕ್ಕೆ ಒಂದು ಪುಸ್ತಕವಿದೆ. ಒಡೆದ ಗ್ಲಾಸಿಗೆ ಇನ್ನೊಂದು. ಅದರಲ್ಲಿ ಪ್ರತಿ ಗ್ಲಾಸಿನ ಎದುರು ಒಬ್ಬ ಹುಡುಗನ ಹೆಸರು. ಹಾಜರಿ ಪುಸ್ತಕ ಮಾತ್ರ ಇಲ್ಲ! ಯಾರು ಎಷ್ಟು ತಾಸು ದುಡಿದರು ಎಂದು ಕೇಳಿದರೆ ಮ್ಯಾನೇಜರು ನಕ್ಕು, 'ಇಲ್ಲಿ ತಾಸಿನ ಲೆಕ್ಕ ಯಾರಿಟ್ಟಾರ್ರೀ' ಎಂದರು. ಪಗಾರದ ದಿನವೂ ಗೊತ್ತಿಲ್ಲ. ಮಾಲಕರು ಬಂದಾಗ ಪಗಾರ. ನಿಂಬೆಹಣ್ಣಿಗೆ ಇರುವ ಮರ್ಯಾದೆ ಮನುಷ್ಯನ ಹತ್ತು ತಾಸಿಗೆ ಇಲ್ಲವೆಂದಾಯಿತು.

ಹಾಗಾದರೆ ಹೋಟೆಲಿನ ಹಣ ನಿಜವಾಗಿ ಸೋರುವುದೆಲ್ಲಿ? ಒಂದು ಲೆಕ್ಕ ಹಾಕಿ ನೋಡೋಣ. ಇದು ತಿಳುವಳಿಕೆಗಾಗಿ ಇಟ್ಟುಕೊಂಡ ಲೆಕ್ಕ, ಯಾವ ಹೋಟೆಲಿನದೂ ಅಲ್ಲ. ದಿನಕ್ಕೆ 30,000 ರೂಪಾಯಿ ವ್ಯಾಪಾರವೆಂದರೆ ತಿಂಗಳಿಗೆ 9 ಲಕ್ಷ. ಅದರಲ್ಲಿ ನೂರಕ್ಕೆ 40ರಂತೆ ಕಿರಾಣಿ, ತರಕಾರಿಗೆ 3,60,000. ಹನ್ನೆರಡು ಮಂದಿ ಕೆಲಸದವರು, ಸರಾಸರಿ 12,000ದಂತೆ 1,44,000. (ಈ ಪಗಾರ ಕಾನೂನಿನ ಕನಿಷ್ಠಕ್ಕೆ ಮುಟ್ಟುತ್ತದೆಯೇ ಎಂಬುದು ಬೇರೆ ಪ್ರಶ್ನೆ.) ಈಗ ಇಬ್ಬರು ಹುಡುಗರನ್ನು ತೆಗೆದರೆ ಉಳಿಯುವುದು 24,000. ಅಡಿಗೆ ಮನೆಯಲ್ಲಿ ಹತ್ತರಲ್ಲೊಂದು ಭಾಗ ಹಳಸಿ, ಸೀದು, ಅಳತೆ ತಪ್ಪಿ ಹೋಗುತ್ತಿದ್ದರೆ ಹೋಗುವುದು 36,000. ಹುಡುಗರನ್ನು ತೆಗೆದು ಗಳಿಸಿದ್ದಕ್ಕಿಂತ ಹೆಚ್ಚು ಹಣ ತಿಪ್ಪೆಗೆ ಬಿದ್ದಿದೆ. ಅಷ್ಟೇ ಅಲ್ಲ, ಇಬ್ಬರು ಕಡಿಮೆಯಾದ ಅಡಿಗೆ ಮನೆಯಲ್ಲಿ ಸೀಯುವುದು ಇನ್ನಷ್ಟು ಹೆಚ್ಚುತ್ತದೆ. ಬೇಳೆ ತೂಗಿ ಕೊಡುವುದು, ನಿನ್ನೆ ಎಷ್ಟು ಭಾಕರಿ ಉಳಿದವೆಂದು ಬರೆದಿಟ್ಟು ಇಂದು ಅಷ್ಟು ಕಡಿಮೆ ಹಿಟ್ಟು ನಾದಿಸುವುದು, ಇವು ಸಣ್ಣ ಕೆಲಸಗಳು. ಇವನ್ನು ಮಾಡಲು ಭಟ್ಟರ ಜೊತೆ ಕೂತು ಮಾತಾಡಬೇಕು. ಬೈಯುವುದು ಸುಲಭ, ಕೂತು ಮಾತಾಡುವುದು ಕಷ್ಟ.

ಇನ್ನೊಂದು ಸೋರಿಕೆಯನ್ನು ಎಲ್ಲರೂ ಬಲ್ಲರು, ಯಾರೂ ಬರೆಯುವುದಿಲ್ಲ. ಬಸ್ಸು ನಿಲ್ಲಿಸಿದ್ದಕ್ಕೆ ಡ್ರೈವರ್, ಕ್ಲೀನರಿಗೆ ಪುಕ್ಕಟೆ ಊಟ. ಕೆಲವು ಕಡೆ ಮೇಲೆ ಕೈಗೂ ಅಷ್ಟು. ಮಾಲಕರ ಬೀಗರ ಊಟ, ಖಾಕಿಯವರ ಊಟ, ಪುಢಾರಿಗಳ ಉದ್ರಿ. ಡ್ರೈವರನೂ ನಮ್ಮ ಹಾಗೆ ದುಡಿಯುವವನೇ, ಅವನ ತಟ್ಟೆಗೆ ನಾವು ಕಣ್ಣು ಹಾಕುವುದಿಲ್ಲ. ಆದರೆ ಅದನ್ನು ಗಿರಾಕಿ ತರುವ ಖರ್ಚೆಂದು ನೇರವಾಗಿ ಕಿರ್ದಿಯಲ್ಲಿ ಬರೆಯಬೇಕು. ಬರೆಯದೆ ಹೋದರೆ ತಿಂಗಳ ಕೊನೆಗೆ 'ಅಡಿಗೆ ಮನೆಯವರು ತಿಂದರು' ಎಂಬ ಅಪವಾದ ಬಡವರ ಮೇಲೆ ಬರುತ್ತದೆ.

ನೀರಿನ ಮಾತನ್ನೂ ಹೇಳಬೇಕು. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ಮೊದಲ ಗಾಡಿಯ ಹತ್ತು ಟ್ಯಾಂಕುಗಳಲ್ಲಿ ಬಂದದ್ದು ಸುಮಾರು 5 ಲಕ್ಷ ಲೀಟರು. ಅಂಥ ಸೀಮೆ ನಮ್ಮದು. ಬೇಸಿಗೆಯ ಟ್ಯಾಂಕರ ಖರ್ಚು ಬರುವುದು ಖಾತ್ರಿಯೆಂದು ಗೊತ್ತಿದ್ದರೂ ದೀಪಾವಳಿಯ ಗಿರಾಕಿಯ ಕಾಲದಲ್ಲಿ ಅದಕ್ಕೆಂದು ಹಣ ತೆಗೆದಿಡುವವರು ಎಷ್ಟು ಮಂದಿ? ಏಪ್ರಿಲ್ ಬಂದ ಮೇಲೆ ಗಾಬರಿ. ಮೊದಲು ನಿಲ್ಲುವುದು ಹುಡುಗರ ಸ್ನಾನದ ನೀರು, ಆಮೇಲೆ ಅವರ ಪಗಾರ. ಮುಂದಿನ ಆರು ತಿಂಗಳು ಕಾಣುವವನನ್ನು ಆರ್ಥಿಕ ನಾಯಕನೆನ್ನಿ, ನಾವೂ ಒಪ್ಪುತ್ತೇವೆ.

ಖರ್ಚು ಉಳಿಸುವ ಜಾಣತನಕ್ಕೆ ಕನ್ನಡ ನಾಡಿನಲ್ಲೇ ಉದಾಹರಣೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ರವೆಯಿಂದ ಇಡ್ಲಿ ಮಾಡಿದರಂತೆ. ರವಾ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಅವರೇ ಹೇಳಿಕೊಂಡು ಬಂದಿದ್ದಾರೆ. ಸಾಮಾನು ತುಟ್ಟಿಯಾದರೆ ಸಾಮಾನನ್ನೇ ಬದಲಿಸುವ ದಾರಿ ಅದು. ಜೋಳ, ಶೇಂಗಾ, ತೊಗರಿ ಬೆಳೆಯುವ ನಮ್ಮ ನೆಲದ ಹೋಟೆಲಿನ ಗೋಡೆಯ ಮೇಲೆ ಮಾತ್ರ ಚೈನೀಸು, ಪನೀರುಗಳ ಉದ್ದ ಪಟ್ಟಿ! ಅದಕ್ಕೆ ಬೇಕಾದ ಫ್ರಿಜ್ಜಿನ ಕರೆಂಟು, ಕೊಳೆತ ಪನೀರು ಯಾರ ತಲೆಗೆ?

ಕಾನೂನು ಈಗ ಬದಲಾಗಿದೆ. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆಗಳ ಜಾಗದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ನಾಲ್ಕು ಸಂಹಿತೆಗಳ ಬಗ್ಗೆ ಸಂಘಗಳಿಗೆ ತಕರಾರುಗಳಿವೆ, ಅವು ನಿಜವಾದ ತಕರಾರುಗಳೇ, ಇನ್ನೊಮ್ಮೆ ಬರೆಯೋಣ. ಆದರೆ ಅದರಲ್ಲಿ ಕೈಗೆ ಸಿಕ್ಕುವುದನ್ನು ಬಿಡಬಾರದು. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡತಕ್ಕದ್ದು. ಕೆಲಸದಿಂದ ತೆಗೆದರೆ ಅಥವಾ ತಾನಾಗಿ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಹೆಚ್ಚಿನ ದುಡಿಮೆಗೆ ಇಮ್ಮಡಿ. ಪಗಾರದ ಚೀಟಿ ಕೊಡಬೇಕು. ದಂಡ ಹಾಕಿದರೆ ಆ ಅವಧಿಯ ಪಗಾರದ ಶೇಕಡಾ 3ಕ್ಕಿಂತ ಹೆಚ್ಚು ಕೂಡದು, ಮತ್ತು ಆ ದಂಡದ ಹಣವನ್ನು ಕೆಲಸಗಾರರ ಹಿತಕ್ಕೇ ಬಳಸಬೇಕು. ಗ್ಲಾಸು ಒಡೆದದ್ದಕ್ಕೆ ಹಿಡಿಯಬೇಕೆಂದರೆ, ಅದು ಅವನ ವಶಕ್ಕೆ ಒಪ್ಪಿಸಿದ್ದಾಗಿರಬೇಕು, ಅವನ ಅಲಕ್ಷ್ಯದಿಂದಲೇ ಹೋಗಿರಬೇಕು, ಮತ್ತು ಮೊದಲು ಅವನ ಮಾತು ಕೇಳಬೇಕು. ಒದ್ದೆ ಕೈಯಲ್ಲಿ ದಿನಕ್ಕೆ ಸಾವಿರ ಗ್ಲಾಸು ತೊಳೆಯುವವನ ಕೈಯಿಂದ ಒಂದು ಜಾರಿದರೆ ಅದು ಅಲಕ್ಷ್ಯವೇ?

ಗಡಿಯಲ್ಲಿ ಇನ್ನೊಂದು ಆಟ ನಡೆಯುತ್ತದೆ. ಕನಿಷ್ಠ ಕೂಲಿಯ ಮೇಲಿನ ಭತ್ಯೆ ಮಹಾರಾಷ್ಟ್ರದಲ್ಲಿ ಆರು ತಿಂಗಳಿಗೊಮ್ಮೆ, ಕರ್ನಾಟಕದಲ್ಲಿ ಏಪ್ರಿಲ್ 1ರಿಂದ ವರ್ಷಕ್ಕೊಮ್ಮೆ ಬದಲಾಗುತ್ತ ಬಂದಿದೆ. ಉಮರ್ಗಾದಲ್ಲಿ ಕೇಳಿದರೆ 'ಹುಮನಾಬಾದದ ದರ ನೋಡು' ಎನ್ನುವುದು, ಹುಮನಾಬಾದದಲ್ಲಿ ಕೇಳಿದರೆ ಬೆರಳು ಈ ಕಡೆ. ಕೆಲಸ ಎಲ್ಲಿ ನಡೆಯುತ್ತದೆಯೋ ಆ ರಾಜ್ಯದ ದರ, ಇಷ್ಟೇ ಉತ್ತರ. ಹದಿನಾಲ್ಕು ವರುಷದೊಳಗಿನ ಮಕ್ಕಳ ಮಾತಂತೂ ಯಾವ ರಾಜ್ಯದಲ್ಲೂ ಇಲ್ಲ. ಧಾಬಾ, ಹೋಟೆಲುಗಳಲ್ಲಿ ಅವರ ದುಡಿಮೆ 2006ರ ಅಕ್ಟೋಬರ್ 10ರಿಂದಲೇ ನಿಷೇಧವಾಗಿದೆ.

ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಬರುವವನೂ ಒಬ್ಬ ಮ್ಯಾನೇಜರನೇ. ಹಳೆಯ ಭಾಷಾಂತರದಲ್ಲಿ ಮನೆವಾರ್ತೆಯವನು. ಧಣಿ ಲೆಕ್ಕ ಒಪ್ಪಿಸೆಂದಾಗ ಅವನು ಸಾಲಗಾರರನ್ನು ಕರೆದು ಎಣ್ಣೆಯ ಪತ್ರದಲ್ಲಿ ನೂರನ್ನು ಐವತ್ತು ಮಾಡಿಸಿದ, ಗೋಧಿಯದರಲ್ಲಿ ನೂರನ್ನು ಎಂಬತ್ತು ಮಾಡಿಸಿದ. ಎಣ್ಣೆ, ಗೋಧಿ ಎರಡೂ ಹೋಟೆಲಿನವರ ಸಾಮಾನೇ. ಈ ಸಾಮತಿಗೆ ಪಂಡಿತರು ನೂರು ಅರ್ಥ ಹೇಳುತ್ತಾರೆ, ನಾವು ಆ ಗೊಡವೆಗೆ ಹೋಗೆವು. ನಮ್ಮ ಕಣ್ಣಿಗೆ ಕಂಡದ್ದು ಇಷ್ಟು: ಕುತ್ತಿಗೆಗೆ ಬಂದಾಗ ಆತ ಬಡವರ ಮೇಲೆ ಭಾರ ಹೇರಲಿಲ್ಲ, ಇಳಿಸಿದ. ಇಂದಿನ ಮ್ಯಾನೇಜರಿಗೆ ಕಲಿಸುವುದು ಇದರ ತಿರುಗುಮುರುಗು. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ತಮ್ಮ ಪರಿಪತ್ರದಲ್ಲಿ, ದುಡಿಯುವವನು ಗತಿಯಿಲ್ಲದೆ ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದೆಂದು ಸಾರಿದರು. 2025ರಲ್ಲಿ ಆರಿಸಿಬಂದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ತೆಗೆದುಕೊಂಡದ್ದು ಆ ಪರಿಪತ್ರವನ್ನು ನೆನೆದೇ. ಆದರೂ ಭಾನುವಾರ ಪೂಜೆಗೆ ಬಂದು ಸೋಮವಾರ 'ಅವನೇ ಒಪ್ಪಿಕೊಂಡು ಬಂದಾನ' ಎನ್ನುವ ಮಾಲಕರು ನಮ್ಮ ಸಭೆಗಳಲ್ಲೂ ಇದ್ದಾರೆ.

ಕೆಲಸದವರಿಗೆ ಹೋಟೆಲಿನ ಲೆಕ್ಕ ತಿಳಿಯುವುದಿಲ್ಲ ಎಂಬ ಮಾತಿಗೆ ಉತ್ತರ ಬೆಂಗಳೂರಿನಲ್ಲಿದೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸದವರನ್ನು ಹೊರಗೆ ಹಾಕಲು ಹೊರಟಾಗ, ಎ.ಕೆ. ಗೋಪಾಲನ್ ಅವರ ಸಲಹೆಯಂತೆ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿಕೊಂಡರು. ಮೊದಲನೆಯದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಕಾಫಿ ತಂದುಕೊಡುತ್ತಿದ್ದವರು ಖಾತೆ ಬರೆದರು, ಸಾಮಾನು ಕೊಂಡರು, ಪಗಾರ ಹಂಚಿದರು. ಬೋರ್ಡು ಬೇಡವೆಂದ ಅಂಗಡಿಗಳನ್ನು ಅವರು ದಶಕಗಳ ಕಾಲ ನಡೆಸಿದರು.

ನಮ್ಮ ಸಂಘದಲ್ಲೂ ಕೆಲವರು 'ಲೆಕ್ಕ ಮಾಲಕರ ಕೆಲಸ, ನಮಗೆ ಪಗಾರ ಸಿಕ್ಕರೆ ಸಾಕು' ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ಲೆಕ್ಕ ಓದಲು ಬಾರದವನಿಗೆ ಮಾಲಕರು 'ಲುಕ್ಸಾನಾಗೇದ' ಎಂದಾಗ ಎದುರು ಮಾತಿಲ್ಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಇದನ್ನೇ ಕಂಡೆವು. ಪೂರ್ತಿ ಪಗಾರ ಕೊಡಬೇಕೆಂದು ಕೇಂದ್ರ ಸರಕಾರ ಮಾರ್ಚ್ 29ರಂದು ಆಜ್ಞೆ ಮಾಡಿತು, ಮೇ ತಿಂಗಳಲ್ಲಿ ಅದನ್ನು ಹಿಂದೆಗೆಯಿತು. ನಡುವೆ ಈ ಹೆದ್ದಾರಿಯ ಹುಡುಗರು ನಡೆದೇ ಊರು ಸೇರಿದರು. ವರ್ಷಗಟ್ಟಲೆ ಲಾಭ ಮಾಡಿದ ಹೋಟೆಲುಗಳಲ್ಲಿ ಒಂದು ತಿಂಗಳ ಪಗಾರದಷ್ಟು ಹಣವನ್ನೂ ಬೇರೆ ತೆಗೆದಿಟ್ಟಿರಲಿಲ್ಲ.

ಇನ್ನು ಮ್ಯಾನೇಜರಣ್ಣಂದಿರಿಗೆ ಎರಡು ಮಾತು. ನೀವು ಮಾಲಕರಲ್ಲ. ನಿಮ್ಮ ಪಗಾರವೂ ಇಪ್ಪತ್ತನೇ ತಾರೀಖಿಗೆ ಬರುತ್ತದೆ, ಗಲ್ಲಾದಲ್ಲಿ ನೂರು ರೂಪಾಯಿ ಕಡಿಮೆ ಬಿದ್ದರೆ ನಿಮ್ಮ ಕಿಸೆಯಿಂದಲೇ ಹೋಗುತ್ತದೆ. ಹೊಸ ಸಂಹಿತೆಯಲ್ಲಿ 'ಉದ್ಯೋಗಿ' ಎಂದರೆ ಮೇಲ್ವಿಚಾರಣೆ, ವ್ಯವಸ್ಥಾಪನೆ ಮಾಡುವವನೂ ಸೇರಿದ್ದಾನೆ. 7ನೇ ತಾರೀಖಿನ ಮಾತು ನಿಮಗೂ ಅನ್ವಯಿಸುತ್ತದೆ. ಆದ್ದರಿಂದ ನಿಂಬೆಹಣ್ಣಿನ ಪುಸ್ತಕದ ಪಕ್ಕದಲ್ಲಿ ಒಂದು ಹಾಜರಿ ಪುಸ್ತಕ ಇಡಿರಿ. ಬಂದ ತಾಸು, ಹೋದ ತಾಸು, ವಾರದ ಸುಟ್ಟಿ, ಕೊಟ್ಟ ಉಚಲ್, ಮುರಿದುಕೊಂಡದ್ದು, ಎಲ್ಲವನ್ನೂ ಬರೆಯಿರಿ. ಹುಡುಗನಿಗೆ ಓದಿ ಹೇಳಿ ಸಹಿ ಹಾಕಿಸಿರಿ. ನಿಮ್ಮ ಹೆಸರನ್ನೂ ಅದರಲ್ಲಿ ಬರೆದುಕೊಳ್ಳಿರಿ. ಇಪ್ಪತ್ತು ಮಂದಿ ಇದ್ದರೆ ಪ್ರಾವಿಡೆಂಟ್ ಫಂಡಿನ ಮಾಲಕರ ಪಾಲನ್ನು ಲಾಭ ಎಣಿಸುವ ಮೊದಲೇ ಖರ್ಚಿನಲ್ಲಿ ಬರೆಯಿರಿ. ಮಾಲಕರು ಬೇಡವೆಂದರೆ, ಬೇಡವೆಂದ ತಾರೀಖನ್ನೂ ಬರೆದಿಡಿರಿ.

ಮತ್ತು ಭಾಂಡೆ ತಿಕ್ಕುವ, ಒಲೆಯ ಮುಂದೆ ನಿಲ್ಲುವ ತಮ್ಮಂದಿರೇ, ಹಾಜರಿ ಪುಸ್ತಕ ಇಡದ ಹೋಟೆಲಿನಲ್ಲಿದ್ದರೆ ನೀವೇ ಒಂದು ಇಡಿರಿ. ಶಾಲೆ ಹುಡುಗರ ನೋಟುಬುಕ್ಕು ಸಾಕು. ಅಕ್ಷರ ಬಾರದಿದ್ದರೆ ತಾಸಿಗೊಂದು ಗೀಟು ಎಳೆಯಿರಿ, ತಾರೀಖನ್ನು ಬಲ್ಲವರಿಂದ ಬರೆಸಿರಿ. ಮೂರು ತಿಂಗಳ ಗೀಟು ಕೂಡಿದ ಮೇಲೆ ಆ ಪುಸ್ತಕವನ್ನು ಸಂಘದ ಸಭೆಗೆ ತನ್ನಿರಿ, ಕೂತು ಕೂಡಿಸೋಣ.